ಫುಕೆಟ್ ಬೋಟ್ ವಿಷಯ: ಅಕ್ಕನಿಗೆ ಮತ್ತು ಗ್ರೂಪಿನ ಎಲ್ಲರಿಗೂ

ಅಕ್ಕ, ನಿನ್ನೆ ರಾತ್ರಿ ನೀನು ಹಾಕಿದ್ದನ್ನೆಲ್ಲ ಓದಿದೆ. ಅಪ್ಪ ಅಮ್ಮನ ಮದುವೆಗೆ 50 ವರ್ಷ ತುಂಬುವುದಕ್ಕೆ ಏಪ್ರಿಲ್‌ನಲ್ಲಿ ನಾವು 16 ಜನ ಥಾಯ್ಲೆಂಡ್‌ನ ಫುಕೆಟ್‌ಗೆ ಹೋಗುವುದು, ಅದರಲ್ಲಿ ಒಂದು ದಿನ ನಮ್ಮವರಿಗೇ ಅಂತ ಒಂದು ಯಾಟ್ ಬಾಡಿಗೆಗೆ ಹಿಡಿಯುವುದು. ಮೂರು ಕೊಟೇಶನ್ ಕಳಿಸಿ, 'ನೇವಿಯಲ್ಲಿ ಇದ್ದವನು ನೀನು, ಯಾವುದು ಅಂತ ನೀನೇ ಹೇಳು' ಎಂದಿದ್ದೀಯ. ಮಾತಾಡಿಯೇ ಹೇಳಿಬಿಡುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ, ಕಾಫಿ ಹಿಡಿದುಕೊಂಡು ಕೂತು ಕೇಳಿ.

ಮೊದಲೇ ಉತ್ತರ ಹೇಳುತ್ತೇನೆ. ಕ್ಯಾಟಮರಾನ್ ತಗೋ, ಅಂದರೆ ಎರಡು ದೋಣಿ ಜೋಡಿಸಿದ ಹಾಗಿರುವ ಅಗಲವಾದ ಬೋಟ್. ಫಾಂಗ್ ಙಾ ಕೊಲ್ಲಿಗೆ ಹೋಗೋಣ. ಫಿಫಿ ದ್ವೀಪ ಬೇಡ. ಎರಡು ಕಡೆ ನಿಂತರೆ ಸಾಕು, ಮೂರು ಆದರೆ ಜಾಸ್ತಿಯೇ.

ಪುಟ್ಟಿಗೂ ಅವಳ ಅಣ್ಣನಿಗೂ ಇದು ಬೇಜಾರಾಗಬಹುದು, ಅವರು ಫಿಫಿ ಫೋಟೋಗಳನ್ನು ನೋಡಿ ಇಟ್ಟಿದ್ದಾರೆ. ಆದರೆ ಲೆಕ್ಕ ನೋಡಿ. ಫುಕೆಟ್‌ನಿಂದ ಫಿಫಿ ಸುಮಾರು 40–45 ಕಿಲೋಮೀಟರ್. ಕ್ಯಾಟಮರಾನ್ ಓಡುವುದು ಏಳೆಂಟು ನಾಟ್, ಅಂದರೆ ಗಂಟೆಗೆ 13–15 ಕಿಲೋಮೀಟರ್. ಹೋಗುವುದಕ್ಕೇ ಮೂರು ಗಂಟೆ, ಬರುವುದಕ್ಕೆ ಮೂರು ಗಂಟೆ. ಎಂಟು ಗಂಟೆಯ ಬಾಡಿಗೆಯಲ್ಲಿ ಉಳಿದದ್ದೆಷ್ಟು? ಅದಕ್ಕೇ ಆ ಮೊದಲನೇ ಕೊಟೇಶನ್‌ನವರು ಸ್ಪೀಡ್ ಬೋಟ್ ಹೇಳಿರುವುದು. 'ಐದು ದ್ವೀಪ, ಒಂದೇ ದಿನ, 38,000 ಬಾತ್.' ಅದು ಬೇಗ ಹೋಗುತ್ತದೆ ನಿಜ. ಆದರೆ ಸ್ವಲ್ಪ ಅಲೆ ಎದ್ದರೂ ಮುಂದಿನ ಸೀಟಿನಲ್ಲಿ ಕೂತವರಿಗೆ ಮಾಂದಲ್‌ಪಟ್ಟಿ ಜೀಪಿನಲ್ಲಿ ಹೋದಂತೆ ಇರುತ್ತದೆ. ಜೀಪಾದರೆ ನಿಲ್ಲಿಸು ಅನ್ನಬಹುದು, ಅಲ್ಲಿ ಅದೂ ಆಗುವುದಿಲ್ಲ. ಅಮ್ಮನ ಬೆನ್ನಿಗೆ ಡಾಕ್ಟರು ಏನು ಹೇಳಿದ್ದಾರೆ ಅಂತ ನಿನಗೆ ಗೊತ್ತಲ್ಲ. ಬೆನ್ನು ನೋವಿರುವವರನ್ನು, ಬಸುರಿಯರನ್ನು ಸ್ಪೀಡ್ ಬೋಟಿಗೆ ಹತ್ತಿಸಲೇಬಾರದು.

ಇನ್ನೊಂದು, ಫಿಫಿಗೆ ಹೋಗುವವರೆಲ್ಲ ನೋಡಬೇಕು ಅನ್ನುವುದು ಅಲ್ಲಿಯ ಮಾಯಾ ಬೇ ಅನ್ನುವ ಕೊಲ್ಲಿ. ಜನ ಜಾಸ್ತಿಯಾಗಿ ಹವಳ ಹಾಳಾಗಿ 2018ರ ಜೂನ್‌ನಲ್ಲಿ ಅದನ್ನು ಮುಚ್ಚಿದರು. ಮತ್ತೆ ತೆರೆದದ್ದು 2022ರ ಜನವರಿಯಲ್ಲಿ. ಈಗ ಯಾವ ಬೋಟೂ ಆ ಕೊಲ್ಲಿಯ ಒಳಗೆ ಹೋಗುವ ಹಾಗಿಲ್ಲ. ದ್ವೀಪದ ಹಿಂದುಗಡೆ ಇಳಿದು ನಡೆದು ಹೋಗಬೇಕು. ಅಲ್ಲಿ ಈಜುವುದಕ್ಕೂ ಬಿಡುವುದಿಲ್ಲ. ಒಳ್ಳೆಯ ನಿಯಮವೇ, ಹಾಗೆ ಮಾಡಿದ ಮೇಲೆ ಅಲ್ಲಿ ಮರಿ ಶಾರ್ಕ್‌ಗಳು ಮತ್ತೆ ಬಂದವು. ಆದರೆ ನೀನು ಎಷ್ಟು ದೊಡ್ಡ ಯಾಟ್ ತಂದರೂ ಅಲ್ಲಿ ಎಲ್ಲರ ಜೊತೆ ಸಾಲಿನಲ್ಲೇ ನಿಲ್ಲಬೇಕು. ಪ್ರೈವೇಟ್ ಬೋಟಿಗೆ ಅಷ್ಟು ದುಡ್ಡು ಕೊಡುವುದು ಯಾಕೆ ಅಕ್ಕ? ಗಡಿಯಾರ ನಮ್ಮ ಕೈಯಲ್ಲಿರಲಿ ಅಂತ. ಅಪ್ಪ ಊಟ ಆದ ಮೇಲೆ ಅರ್ಧ ಗಂಟೆ ಮಲಗಬೇಕು ಅಂದರೆ ಮಲಗಲಿ, ಮಕ್ಕಳು ಇನ್ನೊಂದು ಸಲ ನೀರಿಗೆ ಹಾರಬೇಕು ಅಂದರೆ ಹಾರಲಿ. ಆ ಸ್ವಾತಂತ್ರ್ಯಕ್ಕೆ ದುಡ್ಡು ಕೊಟ್ಟು, ಮತ್ತೆ ಟೂರ್ ಬಸ್ಸಿನವರ ಹಾಗೆ ದ್ವೀಪದಿಂದ ದ್ವೀಪಕ್ಕೆ ಓಡಿದರೆ ಕೊಟ್ಟದ್ದೆಲ್ಲ ದಂಡ.

ಎರಡನೇ ಕೊಟೇಶನ್, ಆ ಬಿಳಿ ಮೋಟಾರ್ ಯಾಟ್. ನೋಡಲು ಚೆನ್ನಾಗಿದೆ, ಒಪ್ಪುತ್ತೇನೆ. ಆದರೆ ಫೋಟೋದಲ್ಲಿ ನೆರಳು ಎಲ್ಲಿದೆ ನೋಡು. ಮುಂದೆ ಹಾಸಿಗೆ ಹಾಕಿದ್ದಾರೆ, ಪೂರ್ತಿ ಬಿಸಿಲಲ್ಲಿ. ಏಪ್ರಿಲ್‌ನಲ್ಲಿ ಅಲ್ಲಿ ಹನ್ನೊಂದರಿಂದ ಮೂರರ ತನಕ ಬಿಸಿಲಲ್ಲಿ ಕೂರಲು ಸಾಧ್ಯವೇ ಇಲ್ಲ. 16 ಜನ ಒಳಗಿನ ಏಸಿ ರೂಮಿಗೆ ತೂರಿಕೊಳ್ಳುತ್ತೀರಿ. ಜೊತೆಗೆ ಒಂದೇ ಹೊಟ್ಟೆಯ ಬೋಟ್ ಲಂಗರು ಹಾಕಿ ನಿಂತಾಗ ಪಕ್ಕಕ್ಕೆ ಹೊರಳಾಡುತ್ತದೆ. ಓಡುವಾಗ ಸರಿ ಇದ್ದವರಿಗೂ ನಿಂತಾಗ ತಲೆ ತಿರುಗುತ್ತದೆ. ಕ್ಯಾಟಮರಾನ್‌ಗೆ ಎರಡು ಹೊಟ್ಟೆ, ನಡುವೆ ಅಗಲವಾದ ಜಾಗ. ಹೊರಳಾಟ ಕಡಿಮೆ, ಹಿಂದುಗಡೆ ನೆರಳಿನಲ್ಲಿ ಉದ್ದನೆ ಮೇಜು, ಮುಂದೆ ಬಲೆ ಕಟ್ಟಿರುತ್ತಾರೆ. ಮಕ್ಕಳು ಅದರ ಮೇಲೆ ಬೋರಲು ಬಿದ್ದು ಕೆಳಗೆ ಓಡುವ ನೀರು ನೋಡುತ್ತಾ ಇರುತ್ತಾರೆ. ನಮ್ಮ ಬ್ಯಾಚಿನವರು ಸಂಸಾರ ಸಮೇತ ಹೋಗಿದ್ದಾಗ ಮಕ್ಕಳು ಆ ಬಲೆ ಬಿಟ್ಟು ಏಳಲೇ ಇಲ್ಲ.

ಮೂರನೇ ಕೊಟೇಶನ್‌ನವರು, ಅಂದರೆ ಆ ಕ್ಯಾಟಮರಾನ್‌ನವರು, 55,000 ಬಾತ್ ಅಂದಿದ್ದಾರೆ ಅಲ್ವಾ? ಅದನ್ನೇ ಪೂರ್ತಿ ಬೆಲೆ ಅಂದುಕೊಳ್ಳಬೇಡ. ಕೆಳಗೆ ಸಣ್ಣಕ್ಷರದಲ್ಲಿ ವ್ಯಾಟ್ ಬೇರೆ ಅಂತ ಇದೆ. ಥಾಯ್ಲೆಂಡ್‌ನಲ್ಲಿ ಅದು ಶೇ 7, ಅಂದರೆ ಇನ್ನೂ 3,850. ನ್ಯಾಷನಲ್ ಪಾರ್ಕ್ ಶುಲ್ಕ ತಲೆಗಿಷ್ಟು ಅಂತ ಬೇರೆ, ವಿದೇಶಿಯರಿಗೆ ಅಲ್ಲಿಯವರಿಗಿಂತ ಜಾಸ್ತಿ. ಮಧ್ಯಾಹ್ನದ ಊಟ, ಹೋಟೆಲಿನಿಂದ ಬಂದರಿಗೆ ವ್ಯಾನು, ಕನೂ ಅನ್ನುವ ಸಣ್ಣ ದೋಣಿ ನಡೆಸುವವರ ಕೂಲಿ, ಇವು ಒಳಗೋ ಹೊರಗೋ ಕೇಳು. ಹೊತ್ತು ಮೀರಿದರೆ ಗಂಟೆಗೆ ಎಷ್ಟು ಅಂತಲೂ ಕೇಳು. ಹೋಗುವ ದಾರಿ ಬದಲಿಸಿದರೆ ಡೀಸೆಲ್‌ಗೆ ಜಾಸ್ತಿ ಕೇಳುತ್ತಾರೆ, ಅದಕ್ಕೆ ದಾರಿಯನ್ನು ಈಗಲೇ ಬರೆಸಿಕೊಳ್ಳಬೇಕು. ಎಲ್ಲವನ್ನೂ ಒಂದೇ ಮೆಸೇಜಿನಲ್ಲಿ ಬರವಣಿಗೆಯಲ್ಲಿ ತರಿಸು. ಫೋನಲ್ಲಿ ಹೇಳಿದ್ದು ಲೆಕ್ಕಕ್ಕಿಲ್ಲ.

ಈಗ ಮುಖ್ಯ ವಿಷಯ. ಇದನ್ನು ಭಾವನೂ ಕೇಳಿಸಿಕೊಳ್ಳಲಿ, ಯಾಕೆಂದರೆ ಅವರು 'ಏಪ್ರಿಲ್ ಬೇಡ, ಮೇ ಕೊನೆಗೆ ಇಟ್ಟರೆ ಅರ್ಧ ರೇಟಿಗೆ ಸಿಗುತ್ತದೆ' ಎಂದು ಬರೆದಿದ್ದಾರೆ. ಭಾವ, ಬೇಡ. ನಮಗೆ ಮುಂಗಾರು ತರುವ ಅದೇ ನೈಋತ್ಯದ ಗಾಳಿ ಮೇ ತಿಂಗಳಿಂದ ಅಕ್ಟೋಬರ್ ತನಕ ಫುಕೆಟ್‌ನ ಪಶ್ಚಿಮದ ದಡಕ್ಕೂ ಬಡಿಯುತ್ತದೆ. ರೇಟು ಇಳಿಯುವುದು ಅದಕ್ಕೇ. 2018ರ ಆಗಸ್ಟ್‌ನಲ್ಲಿ ನಮ್ಮ ಕೊಡಗಿನಲ್ಲಿ ಗುಡ್ಡ ಜರಿಯಿತಲ್ಲ, ಅದಕ್ಕೆ ಒಂದು ತಿಂಗಳು ಮೊದಲು, ಜುಲೈ 5ರಂದು, ಫುಕೆಟ್ ಹತ್ತಿರ ಫೀನಿಕ್ಸ್ ಅನ್ನುವ ಪ್ರವಾಸಿ ಬೋಟ್ ಬಿರುಗಾಳಿಗೆ ಸಿಕ್ಕಿ ಮುಳುಗಿತು. 47 ಜನ ಹೋದರು. ಹವಾಮಾನದವರು ಮೊದಲೇ ಎಚ್ಚರಿಕೆ ಕೊಟ್ಟಿದ್ದರು. ನಮಗೆ ಮಳೆ ಗೊತ್ತು. ಎಚ್ಚರಿಕೆ ಅಂದರೆ ಏನು ಅನ್ನುವುದೂ ಆ ವರ್ಷದಿಂದ ಕೊಡಗಿನವರಿಗೆ ಯಾರೂ ಹೇಳಿಕೊಡಬೇಕಿಲ್ಲ.

ಅದಕ್ಕೆ ಬುಕ್ ಮಾಡುವ ಮೊದಲು ಇದನ್ನು ಕೇಳಲೇಬೇಕು: ಗಾಳಿ ಮಳೆ ಅಂತ ಹೊರಡದಿದ್ದರೆ ದುಡ್ಡು ವಾಪಸ್ಸೋ, ಬೇರೆ ದಿನ ಕೊಡುತ್ತಾರೋ, ಏನೂ ಇಲ್ಲವೋ? ಬೇಡ ಅನ್ನುವ ಮಾತು ಕ್ಯಾಪ್ಟನ್‌ದು. ಅವನು ಬೇಡ ಅಂದರೆ ನಮ್ಮಲ್ಲಿ ಯಾರೂ ಅವನನ್ನು ಒತ್ತಾಯ ಮಾಡಬಾರದು, ಅಷ್ಟು ದೂರ ಬಂದಿದ್ದೇವೆ ಅನ್ನಬಾರದು. ಫುಕೆಟ್‌ಗೆ ತಲುಪಿದ ಮೊದಲ ಅಥವಾ ಎರಡನೇ ದಿನಕ್ಕೇ ಬೋಟ್ ಇಡು, ಆಗ ಮುಂದಕ್ಕೆ ಹಾಕಲು ದಿನ ಉಳಿದಿರುತ್ತದೆ. ಬೋಟಿನ ಲೈಸೆನ್ಸ್‌ನಲ್ಲಿ ಎಷ್ಟು ಜನಕ್ಕೆ ಅನುಮತಿ ಇದೆ ಅಂತಲೂ ಕೇಳು. ಮಲಗುವುದಕ್ಕೆ ಎಷ್ಟು ಅಂತ ಅಲ್ಲ, ಹಗಲಲ್ಲಿ ಹತ್ತಿಸುವುದಕ್ಕೆ ಎಷ್ಟು ಅಂತ. ಸಣ್ಣ ಮಕ್ಕಳನ್ನೂ ತಲೆಗೆ ಲೆಕ್ಕ ಹಿಡಿಯಬೇಕು. 16 ಜನಕ್ಕೆ 15ರ ಬೋಟ್ ನಡೆಯುತ್ತದೆ ಅನ್ನುವವರ ಹತ್ತಿರ ಹೋಗಲೇಬೇಡ.

ಏಪ್ರಿಲ್ ಮೊದಲ ವಾರ ಎಲ್ಲದಕ್ಕೂ ಸರಿಯಾಗುತ್ತದೆ. ರೊಬಸ್ಟಾ ಕೊಯ್ಲು, ಒಣಗಿಸುವುದು ಮುಗಿದಿರುತ್ತದೆ, ಹೂವಿಗೆ ನೀರು ಹಾಯಿಸಿದ್ದೂ ಆಗಿರುತ್ತದೆ. ಅಲ್ಲಿ 13ರಿಂದ 15ರ ತನಕ ಅವರ ಹೊಸ ವರ್ಷ, ಸೋಂಗ್‌ಕ್ರಾನ್. ಊರೆಲ್ಲ ನೀರೆರಚುವ ಹಬ್ಬ, ರೂಮುಗಳೂ ದುಬಾರಿ. ನಾವೂ 14ಕ್ಕೆ ಸೌರಮಾನ ಯುಗಾದಿಗೆ ಮನೆಯಲ್ಲಿರಬೇಕು. ದಿನ ಗೊತ್ತು ಮಾಡುವಾಗ ಅಪ್ಪನ ಹತ್ತಿರ ಪಂಚಾಂಗ ತೆಗೆಸು, ಮುಹೂರ್ತಕ್ಕಲ್ಲ, ಹುಣ್ಣಿಮೆ ಅಮಾವಾಸ್ಯೆ ಯಾವತ್ತು ಅಂತ ನೋಡಲು. ಅವುಗಳ ಸುತ್ತಮುತ್ತ ಉಬ್ಬರ ಇಳಿತ ಜಾಸ್ತಿ. ಫಾಂಗ್ ಙಾ ಕೊಲ್ಲಿ ಆಳ ಕಡಿಮೆ ಇರುವ ಜಾಗ, ಅಲ್ಲಿ ಏನೇ ನೋಡಬೇಕಾದರೂ ನೀರಿನ ಮಟ್ಟ ಹೊಂದಬೇಕು. ನಮ್ಮ ದಿನಕ್ಕೆ ನೀರು ಎಷ್ಟು ಗಂಟೆಗೆ ಏರುತ್ತದೆ, ಎಷ್ಟು ಗಂಟೆಗೆ ಇಳಿಯುತ್ತದೆ ಅಂತ ಬೋಟಿನವರನ್ನು ಕೇಳಿದರೆ ಥಟ್ಟನೆ ಹೇಳಬೇಕು. ಹೇಳದಿದ್ದರೆ ಅವರು ಬರೀ ಏಜೆಂಟರು ಅಂತ ತಿಳಿ.

ಆ ಕೊಲ್ಲಿಯಲ್ಲಿ ಏನಿದೆ ಅಂತ ಚಿಕ್ಕಮ್ಮ ಕೇಳಿದ್ದರು. ಸುಣ್ಣಕಲ್ಲಿನ ಗುಡ್ಡಗಳು, ನೀರಿನಿಂದ ನೆಟ್ಟಗೆ ಎದ್ದು ನಿಂತಿವೆ, ಮೇಲೆಲ್ಲ ಕಾಡು. ಕೆಲವು ಗುಡ್ಡಗಳ ಒಳಗೆ ಗುಹೆಯ ಚಾವಣಿ ಕುಸಿದು, ಸುತ್ತ ಗೋಡೆ, ಮೇಲೆ ಆಕಾಶ, ನಡುವೆ ಕೊಳ. ಒಳಗೆ ಹೋಗಲು ಸಣ್ಣ ಸುರಂಗ. ಪನಕ್ ದ್ವೀಪದಲ್ಲಿ ಇಂಥವು ಇವೆ. ಕನೂದಲ್ಲಿ ಇಬ್ಬರು ಅಂಗಾತ ಮಲಗಬೇಕು, ಹಿಂದೆ ಕೂತವನು ಟಾರ್ಚ್ ಹಿಡಿದು ಹುಟ್ಟು ಹಾಕುತ್ತಾನೆ. ಬಂಡೆ ಮೂಗಿನ ಹತ್ತಿರವೇ ಸರಿದು ಹೋಗುತ್ತದೆ, ಬಾವಲಿಯ ವಾಸನೆ. ಕೈ ಹೊರಗೆ ಚಾಚಬಾರದು, ಗೋಡೆಗೆ ಸಿಂಪಿ ಅಂಟಿರುತ್ತವೆ, ಬ್ಲೇಡಿನಷ್ಟೇ ಹರಿತ. ಆಮೇಲೆ ಒಮ್ಮೆಲೇ ಬೆಳಕು, ಹಸಿರು, ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳು. ನೀರು ತುಂಬಾ ಏರಿದರೆ ಸುರಂಗ ಮುಚ್ಚಿಕೊಳ್ಳುತ್ತದೆ, ಉಬ್ಬರದ ಲೆಕ್ಕ ಬೇಕಾಗುವುದು ಇಲ್ಲೇ. ಅಮ್ಮ, ದೊಡ್ಡಮ್ಮ ಬೋಟಲ್ಲೇ ಇರಲಿ, ಅಲ್ಲಿಂದ ಗುಡ್ಡ ನೋಡುತ್ತಾ ಕೂತರೂ ಚೆನ್ನ.

ಅದೇ ಕೊಲ್ಲಿಯ ಜೇಮ್ಸ್ ಬಾಂಡ್ ದ್ವೀಪಕ್ಕೆ ಇಳಿಯುವುದು ಬೇಡ ಅಂತ ನನ್ನ ಅಭಿಪ್ರಾಯ. ಸಿನಿಮಾದಲ್ಲಿ ಬಂದ ಆ ಬಂಡೆಯ ಹತ್ತಿರಕ್ಕೆ ಬೋಟ್ ಬಿಡುವುದಿಲ್ಲ, ದಡದಲ್ಲಿ ಅಂಗಡಿ ಸಾಲು, ನೂಕುನುಗ್ಗಲು. ದೂರದಿಂದ ಒಂದು ಸುತ್ತು ಹಾಕಿಸಿದರೆ ಸಾಕು.

ಒಂದು ಕೊರತೆ ಮುಚ್ಚಿಡುವುದಿಲ್ಲ. ಆ ಕೊಲ್ಲಿಯ ನೀರು ಹಸಿರು, ಕಲಕಿದ ಹಾಗಿರುತ್ತದೆ, ಮೀನು ನೋಡುತ್ತಾ ಈಜಲು ಅದು ಜಾಗವಲ್ಲ. ಹವಳ ನೋಡಲೇಬೇಕು ಅನ್ನುವ ಹುಡುಗರು ಇನ್ನೊಂದು ದಿನ ರಾಚಾ ದ್ವೀಪಕ್ಕೆ ತಲೆಗಿಷ್ಟು ಕೊಟ್ಟು ಹೋಗುವ ಬೋಟಲ್ಲಿ ಹೋಗಿ ಬರಲಿ, ನಾನೂ ಅವರ ಜೊತೆ ಹೋಗುತ್ತೇನೆ. ನಮ್ಮ ದಿನಕ್ಕೆ ಆವ್ ಪೋ ಬಂದರಿನಿಂದ ಹೊರಟರೆ ಪನಕ್‌ಗೆ ಸುಮಾರು ಒಂದು ಗಂಟೆ. ಲಂಗರು ಹಾಕಿ ಅಲ್ಲೇ ಊಟ. ವಾಪಸ್ ಬರುವಾಗ ಆವ್ ಪೋ ಎದುರಿಗೇ ಇರುವ ನಾಕಾ ದ್ವೀಪದ ಹತ್ತಿರ ಮಕ್ಕಳು ಎಷ್ಟು ಬೇಕೋ ಅಷ್ಟು ಈಜಲಿ.

ಊಟದ ವಿಷಯ ಬೇಗ ಮುಗಿಸುತ್ತೇನೆ. ಸಸ್ಯಾಹಾರ ಅಂದರೂ ಫಿಶ್ ಸಾಸ್ ಹಾಕಿಬಿಡುತ್ತಾರೆ, ದೊಡ್ಡಮ್ಮನಿಗೆ ಅದು ಆಗುವುದಿಲ್ಲ. ಫಿಶ್ ಸಾಸ್, ಸೀಗಡಿ ಪೇಸ್ಟ್ ಎರಡೂ ಬೇಡ ಅಂತ ಹೆಸರು ಹಿಡಿದು ಬರೆ. ಇಲ್ಲವೇ ಫುಕೆಟ್‌ನ ಪಟಾಂಗ್‌ನಲ್ಲಿರುವ ಯಾವುದಾದರೂ ಇಂಡಿಯನ್ ಹೋಟೆಲಿನಿಂದ ಕಟ್ಟಿಸಿಕೊಳ್ಳೋಣ. ಚಿಕ್ಕಪ್ಪ ಮನೆಯ ವೈನ್ ತರುತ್ತೇನೆ ಅಂದಿದ್ದಾರೆ. ಒಬ್ಬರಿಗೆ ಒಂದು ಲೀಟರ್ ತನಕ ಒಯ್ಯಬಹುದು, ಚೆಕ್-ಇನ್ ಬ್ಯಾಗಲ್ಲಿ, ಆದರೆ ಮನೆಯಲ್ಲಿ ಮಾಡಿದ್ದನ್ನು ಬಿಡುತ್ತಾರೋ ಅಂತ ವಿಮಾನದವರನ್ನು ಮೊದಲೇ ಕೇಳಬೇಕು. ಆದರೆ ಚಿಕ್ಕಪ್ಪ, ಬಾಟಲಿ ತೆಗೆಯುವುದು ಕೊನೆಯ ಈಜು ಮುಗಿದ ಮೇಲೆ. ಇದರಲ್ಲಿ ನಾನು ಯಾರ ಮಾತೂ ಕೇಳುವುದಿಲ್ಲ.

ಸಂಪಾಜೆ ಘಾಟಿಯಲ್ಲಿ ಯಾರು ಯಾರಿಗೆ ವಾಂತಿಯಾಗುತ್ತದೋ ಅವರೆಲ್ಲ ಮಾತ್ರೆ ತಂದುಕೊಳ್ಳಿ. ಬೋಟ್ ಹತ್ತುವುದಕ್ಕೆ ಒಂದು ಗಂಟೆ ಮೊದಲೇ ತೆಗೆದುಕೊಳ್ಳಬೇಕು, ಹೊಟ್ಟೆ ತೊಳಸಲು ಶುರುವಾದ ಮೇಲೆ ತೆಗೆದುಕೊಂಡರೆ ಪ್ರಯೋಜನ ಕಡಿಮೆ. ನಿದ್ದೆ ಬರುತ್ತದೆ, ಅಪ್ಪನ ಬಿಪಿ ಮಾತ್ರೆ ಜೊತೆ ಆಗುತ್ತದೋ ಅಂತ ಡಾಕ್ಟರನ್ನು ಕೇಳಿ. ಖಾಲಿ ಹೊಟ್ಟೆಯಲ್ಲಿ ಬರಬೇಡಿ. ಬೋಟಲ್ಲಿ ಮೊಬೈಲ್ ನೋಡಬೇಡಿ, ದೂರದ ದಿಗಂತ ನೋಡಿ. ಸನ್‌ಸ್ಕ್ರೀನ್ ಕೊಳ್ಳುವಾಗ ಡಬ್ಬಿಯ ಹಿಂದೆ ಓದಿ, ಆಕ್ಸಿಬೆನ್‌ಜೋನ್, ಆಕ್ಟಿನಾಕ್ಸೇಟ್ ಇರುವುದನ್ನು ತರಬೇಡಿ. ಹವಳಕ್ಕೆ ಕೆಡುಕು ಅಂತ 2021ರಿಂದ ಅಲ್ಲಿಯ ಕಡಲ ನ್ಯಾಷನಲ್ ಪಾರ್ಕ್‌ಗಳಲ್ಲಿ ಅವುಗಳಿಗೆ ನಿಷೇಧ, ದಂಡ ಒಂದು ಲಕ್ಷ ಬಾತ್ ತನಕ. ಅದಕ್ಕಿಂತ ಉದ್ದ ತೋಳಿನ ಈಜುಡುಪು ಒಳ್ಳೆಯದು, ಬಿಸಿಲಿಗೂ ಆಯಿತು, ಅಂಬಲಿ ಮೀನಿಗೂ (ಜೆಲ್ಲಿಫಿಶ್) ಆಯಿತು.

ಬೋಟಿನಿಂದ ದಡಕ್ಕೆ ಹೋಗಲು ಸಣ್ಣ ರಬ್ಬರ್ ಬೋಟ್ ಬರುತ್ತದೆ. ಹೆಚ್ಚಿನವರು ಜಾರಿ ಬೀಳುವುದು ಅಲ್ಲೇ. ಅಮ್ಮ ಅವತ್ತು ಸೀರೆ ಬೇಡ, ಚೂಡಿದಾರ ಹಾಕಿಕೊಳ್ಳಲಿ. ಇಳಿಯುವಾಗ ಬೋಟಿನ ಹುಡುಗನ ಬೆರಳು ಹಿಡಿಯಬಾರದು, ಅವನ ಮಣಿಕಟ್ಟು ನಾವು, ನಮ್ಮ ಮಣಿಕಟ್ಟು ಅವನು ಹಿಡಿಯಬೇಕು. ಒದ್ದೆ ಕೈಯಾದರೂ ಜಾರುವುದಿಲ್ಲ. ಸಣ್ಣ ಬೋಟ್ ಅಲೆಯ ಜೊತೆ ಮೇಲೆ ಬರುವ ತನಕ ಕಾದು, ಬಂದಾಗ ಕಾಲಿಟ್ಟು, ತಕ್ಷಣ ಕೂರಬೇಕು. ಇನ್ನೊಂದು ಕೈಯಲ್ಲಿ ಬ್ಯಾಗು, ಮೊಬೈಲು ಏನೂ ಇರಬಾರದು. ಅಮ್ಮನಿಗೂ ದೊಡ್ಡಮ್ಮನಿಗೂ ನಾನೇ ಕೆಳಗೆ ನಿಂತು ಇಳಿಸುತ್ತೇನೆ.

ಲೈಫ್ ಜಾಕೆಟ್ ಮಕ್ಕಳ ಅಳತೆಯದ್ದೇ ಬೇಕು. ಹಾಕಿಸಿ, ಬಕಲ್ ಬಿಗಿದು, ಭುಜದ ಹತ್ತಿರ ಹಿಡಿದು ಮೇಲಕ್ಕೆ ಎತ್ತಿ ನೋಡಿ. ಕಿವಿಯ ತನಕ ಜಾರಿ ಬಂದರೆ ಅದು ದೊಡ್ಡದಾಯಿತು, ಬೇರೆ ಕೇಳಿ. ನಮ್ಮ ಹುಡುಗರು ಕೆರೆಯಲ್ಲಿ, ಹೊಳೆಯಲ್ಲಿ ಚೆನ್ನಾಗಿ ಈಜುತ್ತಾರೆ, ಗೊತ್ತು. ಸಮುದ್ರದಲ್ಲಿ ಇಳಿತದ ಸೆಳೆತ ಸುಮ್ನೆ ತೇಲುತ್ತಿರುವವರನ್ನೂ ಗೊತ್ತಾಗದ ಹಾಗೆ ಬೋಟಿನಿಂದ ದೂರ ಒಯ್ದುಬಿಡುತ್ತದೆ. ನೀರಿಗಿಳಿದವರನ್ನು ಎಣಿಸುತ್ತಾ ಒಬ್ಬರು ಮೇಲೆ ಇರಲೇಬೇಕು. ಭಾವ, ನೀವೂ ನಾನೂ ಸರದಿಯಲ್ಲಿ ಇರೋಣ.

ಅಕ್ಕ, ಈಗ ಇಷ್ಟು ಮಾಡು. ಮಕ್ಕಳೆಲ್ಲರ ವಯಸ್ಸು, ತೂಕ ಗ್ರೂಪಲ್ಲಿ ಹಾಕಿಸು. ಊಟಕ್ಕೆ ಯಾರಿಗೆ ಏನು ಆಗುವುದಿಲ್ಲ ಅಂತಲೂ ಬರೆಸು. ಭಾನುವಾರದೊಳಗೆ ಬಂದರೆ ಆ ಕ್ಯಾಟಮರಾನ್‌ನವರಿಗೆ ಲೈಸೆನ್ಸ್, ಉಬ್ಬರದ ಸಮಯ, ದುಡ್ಡು ವಾಪಸ್ಸಿನ ವಿಷಯ ಎಲ್ಲ ಸೇರಿಸಿ ನಾನೇ ಬರೆಯುತ್ತೇನೆ. ಅವರ ಉತ್ತರ ಬಂದು ಎಲ್ಲರೂ ಓದುವ ತನಕ ಯಾರೂ ಅಡ್ವಾನ್ಸ್ ಕಳಿಸಬೇಡಿ.