ರಾಜ್‌ದೂತ್ 350: ಎಡಗಡೆಯ ಪ್ಲಗ್ ಮಾತ್ರ ಬಿಳಿ, ಆಕ್ಸಿಲರೇಟರ್ ಬಿಟ್ಟರೂ ವೇಗ ಇಳಿಯುತ್ತಿಲ್ಲ

ಪ್ರಶ್ನೆ:
ನನ್ನದು 1986ರ ರಾಜ್‌ದೂತ್ 350 ಬೈಕ್, ಲೋ ಟಾರ್ಕ್ (ಕಡಿಮೆ ಶಕ್ತಿಯ) ಮಾದರಿ. ನಾಲ್ಕು ವರ್ಷ ಶೆಡ್ಡಿನಲ್ಲಿ ನಿಂತಿತ್ತು. ಕಳೆದ ತಿಂಗಳು ಎರಡೇ ಕಿಕ್ಕಿಗೆ ಎದ್ದಿತು. ಸಂತೋಷ ಅಲ್ಲಿಗೇ ಮುಗಿಯಿತು. ಎಂಜಿನ್ ಬಿಸಿಯಾದ ಮೇಲೆ ಆಕ್ಸಿಲರೇಟರ್ ಬಿಟ್ಟರೂ ಕಿರುಚುತ್ತಲೇ ಇರುತ್ತದೆ. ಬಲಗಡೆಯ ಪ್ಲಗ್ ಕಾಫಿಪುಡಿಯ ಬಣ್ಣ, ಎಡಗಡೆಯದು ಸುಣ್ಣ ಬಳಿದ ಹಾಗಿದೆ. ಎರಡೂ ಕಾರ್ಬುರೇಟರ್ ತೊಳೆದಿದ್ದೇನೆ, ಕೇಬಲ್ ಸರಾಗವಾಗಿದೆ, ಪಾಯಿಂಟ್ (ಬಿಟ್ಟಾಗ ಪ್ಲಗ್ಗಿನಲ್ಲಿ ಕಿಡಿ ಹಾರಿಸುವ ಸ್ವಿಚ್) ಅಂತರ 0.35 ಮಿ.ಮೀ. ಇಟ್ಟಿದ್ದೇನೆ. ಎಡಕ್ಕೆ ದೊಡ್ಡ ಜೆಟ್ (ಕಾರ್ಬುರೇಟರಿನಲ್ಲಿ ಪೆಟ್ರೋಲ್ ಹಾಯುವ ತೂತು) ಹಾಕೋಣ ಎನ್ನುತ್ತಾರೆ ಮೆಕ್ಯಾನಿಕ್. ಹಾಕಿಸಲೇ?

ಉತ್ತರ 1:
ಬೇಡ ಸರ್. ಇಷ್ಟು ವರ್ಷ ಸರಿಯಿದ್ದ ಜೆಟ್ ನಿಂತಲ್ಲೇ ಚಿಕ್ಕದಾಗುವುದಿಲ್ಲ. ತೊಳೆದ ಮೇಲೂ ಹೀಗಿದ್ದರೆ ಎಲ್ಲಿಂದಲೋ ಗಾಳಿ ಕದ್ದು ಒಳಗೆ ಬರುತ್ತಿದೆ; ಪೆಟ್ರೋಲಿಗೆ ಗಾಳಿ ಹೆಚ್ಚಾದರೆ ಪ್ಲಗ್ ಬಿಳುಚುತ್ತದೆ, ವೇಗವೂ ಇಳಿಯುವುದಿಲ್ಲ. ಈ 347 ಸಿಸಿ ಎಂಜಿನ್ ಒಂದೇ ಕ್ರ್ಯಾಂಕಿಗೆ (ಪಿಸ್ಟನ್‌ಗಳು ತಿರುಗಿಸುವ ದಂಡಕ್ಕೆ) ಕಟ್ಟಿದ ಎರಡು ಎಂಜಿನ್ ಇದ್ದಂತೆ. ಕಾರ್ಬುರೇಟರ್, ರೀಡ್ ವಾಲ್ವ್, ಪಾಯಿಂಟ್, ಕಾಯಿಲ್ ಎಲ್ಲವೂ ಬೇರೆ ಬೇರೆ. ಮೊದಲು ಪ್ಲಗ್ ಅದಲುಬದಲು ಮಾಡಿ ನೋಡಿ. ಮತ್ತೆ ಎಡಗಡೆಯದೇ ಬಿಳುಚಿದರೆ ಕಾರ್ಬುರೇಟರಿನ ರಬ್ಬರ್ ಜೋಡಣೆಯನ್ನು ಬಗ್ಗಿಸಿ ಬಿರುಕು ಹುಡುಕಿ. ಅದೂ ಗಟ್ಟಿಯಿದ್ದರೆ ಉಳಿಯುವುದು ಎಡಗಡೆ ಆಲ್ಟರ್ನೇಟರಿನ ಹಿಂದಿನ ಕ್ರ್ಯಾಂಕ್ ಸೀಲ್ (ಕ್ರ್ಯಾಂಕಿನ ಸುತ್ತ ಗಾಳಿ ತಡೆಯುವ ರಬ್ಬರ್ ಉಂಗುರ). ಬಲಗಡೆಯ ಸೀಲ್ ಹೋದರೆ ಗೇರ್ ಆಯಿಲ್ ಎಳೆದುಕೊಂಡು ಬಿಳಿ ಹೊಗೆ ಉಗುಳುತ್ತದೆ, ಬೀದಿಗೆಲ್ಲ ಗೊತ್ತಾಗುತ್ತದೆ. ಎಡಗಡೆಯಲ್ಲಿ ಎಳೆಯಲು ಇರುವುದು ಬರೀ ಗಾಳಿ.

ಅಲ್ಲಿಯವರೆಗೆ ಓಡಿಸಬೇಡಿ. ಪಿಸ್ಟನ್ ಸೀಜ್ ಆದರೆ (ಬಿಸಿಗೆ ಸಿಲಿಂಡರಿನಲ್ಲಿ ಕಚ್ಚಿಕೊಂಡರೆ) ಸೀಲಿನ ಖರ್ಚು ನೆನೆದು ಅಳಬೇಕಾಗುತ್ತದೆ.

ಉತ್ತರ 2:
ಒಪ್ಪುತ್ತೇನೆ, ಆದರೆ ಟೈಮಿಂಗನ್ನು (ಕಿಡಿ ಹಾರುವ ಹೊತ್ತನ್ನು) ಮರೆಯಬೇಡಿ. ಅಂತರ ಸರಿಯಿದ್ದ ಮಾತ್ರಕ್ಕೆ ಟೈಮಿಂಗ್ ಸರಿಯಿರಬೇಕೆಂದಿಲ್ಲ. ಎಡಗಡೆ ಮುಂಚಿತವಾಗಿ ಕಿಡಿ ಹಾರಿದರೂ ಪ್ಲಗ್ ಬಿಳುಚುತ್ತದೆ. ಡಯಲ್ ಗೇಜ್ ಇಟ್ಟು, ಪಿಸ್ಟನ್ ಮೇಲ್ತುದಿಗೆ 2 ಮಿ.ಮೀ. ಇರುವಾಗ ಪಾಯಿಂಟ್ ಬಿಡುತ್ತದೆಯೇ ಎಂದು ಎರಡೂ ಕಡೆ ಬೇರೆ ಬೇರೆಯಾಗಿ ನೋಡಿ.

ಸೀಲ್ ಪರೀಕ್ಷೆಗೆ ಇಂಟೇಕ್, ಎಕ್ಸಾಸ್ಟ್ ಬಾಯಿಗಳನ್ನು ರಬ್ಬರ್ ಬಿರಡೆಯಿಂದ ಮುಚ್ಚಿ 6 ಪಿಎಸ್‌ಐ ಗಾಳಿ ತುಂಬಿ, ಸೋಪಿನ ನೀರು ಹಚ್ಚಿ. ಎರಡೂ ಸಿಲಿಂಡರಿನವನ್ನು ಮುಚ್ಚಲೇಬೇಕು: ಅವೆರಡರ ನಡುವಿನದು ಲ್ಯಾಬಿರಿಂತ್ ಸೀಲ್ (ರಬ್ಬರ್ ತುಟಿಯಿಲ್ಲದ, ಚಡಿಗಳ ಸೀಲ್), ಅದು ಸ್ವಲ್ಪ ಗಾಳಿ ಬಿಟ್ಟೇ ಬಿಡುತ್ತದೆ. ಸೈಕಲ್ ಪಂಪ್ ಸಾಕು, ಕಂಪ್ರೆಸರ್ ತರಬೇಡಿ. ಒಳ್ಳೆಯ ಸೀಲೂ ಕಿತ್ತು ಬಂದೀತು.

ಪ್ರಶ್ನೆ ಕೇಳಿದವರು:
ಟೈಮಿಂಗ್ ಸರಿಯಿತ್ತು. ಆಲ್ಟರ್ನೇಟರಿನ ರೋಟರ್ ಬಿಚ್ಚಿ ಗಾಳಿ ತುಂಬಿದರೆ ಎಡ ಸೀಲಿನ ಸುತ್ತ ನೊರೆ ಬುಸುಬುಸು ಎದ್ದಿತು. ಬಿಚ್ಚಿದಾಗ ಅದರ ತುಟಿ ಹಪ್ಪಳದಂತೆ ಒಣಗಿತ್ತು. ಬಲಗಡೆಯದನ್ನೂ ಜೊತೆಗೇ ಬದಲಿಸಿದೆ. ಈಗ ಆಕ್ಸಿಲರೇಟರ್ ಬಿಟ್ಟ ಕೂಡಲೇ ವೇಗ ಇಳಿಯುತ್ತದೆ, ಎರಡೂ ಪ್ಲಗ್ ಒಂದೇ ಬಣ್ಣ. ಜೆಟ್ ಹಳೆಯದೇ ಇದೆ.