ಜ್ಯಾಕ್ ಇಲ್ಲದ ಫೋನಿಗೆ ಹೆಡ್‌ಫೋನ್ ಆಂಪ್: ಯಾವುದು, ಎಷ್ಟು, ಏಕೆ

ಪ್ರಶ್ನೆ, ಶಿರಸಿಯಿಂದ: ಸರ್, ಹೊಸ ಫೋನಿಗೆ 3.5 ಎಂಎಂ ಜ್ಯಾಕ್ ಇಲ್ಲ. ಮನೆಯಲ್ಲಿ ಆಡಿಯೋ-ಟೆಕ್ನಿಕಾ ಎಂ50ಎಕ್ಸ್ ಹೆಡ್‌ಫೋನ್ ಇದೆ. ಪೇಟೆಯಿಂದ ಅಗ್ಗದ ಸಿ-ಪಿನ್ ಕನ್ವರ್ಟರ್ ತಂದೆ. ತಮ್ಮನ ಫೋನಿಗೆ ಹಾಕಿದರೆ ಹಾಡುತ್ತದೆ, ನನ್ನದಕ್ಕೆ ಹಾಕಿದರೆ ಶಬ್ದ ಸ್ಪೀಕರಿನಲ್ಲೇ ಬರುತ್ತದೆ. ಕೇಳುವುದು ಹಿಂದೂಸ್ತಾನಿ, ಜೊತೆಗೆ ಯಕ್ಷಗಾನದ ಆಟ ಮತ್ತು ತಾಳಮದ್ದಳೆಯ ರೆಕಾರ್ಡಿಂಗ್. ಆರು ಸಾವಿರದವರೆಗೆ ಹಾಕಬಲ್ಲೆ. '32 ಬಿಟ್, 768 ಕಿಲೋಹರ್ಟ್ಸ್ ಇರುವುದನ್ನೇ ತಗೊಳ್ಳಿ' ಎಂದು ಹೇಳುತ್ತಾರೆ. ಅದು ಬೇಕೇ?

ಉತ್ತರ: ಕನ್ವರ್ಟರ್ ಕೆಟ್ಟಿಲ್ಲ, ಫೋನೂ ಕೆಟ್ಟಿಲ್ಲ. ಈ ಕನ್ವರ್ಟರುಗಳಲ್ಲಿ ಎರಡು ಜಾತಿ. ಮೊದಲನೆಯದರೊಳಗೆ ಬರೀ ವಯರು. ಫೋನೇ ತನ್ನೊಳಗಿನ ಡ್ಯಾಕ್‌ನಿಂದ (ಡಿಜಿಟಲ್ ಡೇಟಾವನ್ನು ಶಬ್ದದ ಸಿಗ್ನಲ್ ಮಾಡುವ ಚಿಪ್) ಅನಲಾಗ್ ಶಬ್ದ ತೆಗೆದು ಸಿ-ಪೋರ್ಟಿನ ಡೇಟಾ ಪಿನ್ನುಗಳ ಮೇಲೆ ಬಿಡಬೇಕು, ಕನ್ವರ್ಟರ್ ಅದನ್ನು ಜ್ಯಾಕಿಗೆ ದಾಟಿಸುತ್ತದೆ. ತಮ್ಮನ ಫೋನಿನಲ್ಲಿ ಆ ವ್ಯವಸ್ಥೆ ಇದೆ, ನಿಮ್ಮದರಲ್ಲಿ ಇಲ್ಲ. ಎರಡನೆಯ ಜಾತಿಯಲ್ಲಿ ಡ್ಯಾಕ್ ಮತ್ತು ಆಂಪ್ (ಆ ಸಿಗ್ನಲಿಗೆ ಶಕ್ತಿ ತುಂಬುವ ಭಾಗ) ಎರಡೂ ಕನ್ವರ್ಟರಿನ, ಅಂದರೆ ಡಾಂಗಲಿನ, ಒಳಗೇ ಇರುತ್ತವೆ, ಫೋನು ಡಿಜಿಟಲ್ ಡೇಟಾ ಕೊಟ್ಟರೆ ಸಾಕು. ನಿಮಗೆ ಬೇಕಾದದ್ದು ಇದು. ಕೈಯಲ್ಲಿರುವುದು ಯಾವ ಜಾತಿ ಎಂದು ತಿಳಿಯಲು ಲ್ಯಾಪ್‌ಟಾಪಿನ ಸಿ-ಪೋರ್ಟಿಗೆ ಹಾಕಿ, ಹೆಡ್‌ಫೋನೂ ಚುಚ್ಚಿ, ಸೌಂಡ್ ಸೆಟ್ಟಿಂಗ್ ತೆರೆಯಿರಿ. ಪಟ್ಟಿಯಲ್ಲಿ ಹೊಸ ಸಾಧನದ ಹೆಸರು ಬಂದರೆ ಒಳಗೆ ಡ್ಯಾಕ್ ಇದೆ. ಬರದಿದ್ದರೆ ಅದು ವಯರು ಮಾತ್ರ.

ಇನ್ನು ಎಷ್ಟು ಶಕ್ತಿ ಬೇಕು ಎನ್ನುವುದು. ಇದನ್ನು ಅಂದಾಜಿನಲ್ಲಿ ಬಿಡಬೇಡಿ, ಲೆಕ್ಕ ಐದು ನಿಮಿಷದ್ದು. ಹೆಡ್‌ಫೋನಿನ ವಿವರದಲ್ಲಿ ಎರಡು ಅಂಕಿ ಹುಡುಕಿ: ಇಂಪಿಡೆನ್ಸ್ (ಕರೆಂಟಿಗೆ ಒಡ್ಡುವ ತಡೆ) ಮತ್ತು ಸೆನ್ಸಿಟಿವಿಟಿ (ಕೊಟ್ಟ ಶಕ್ತಿಗೆ ಎಷ್ಟು ಶಬ್ದ ಎಂಬುದು). ಎಂ50ಎಕ್ಸ್‌ಗೆ 38 ಓಮ್, 1 ಮಿಲಿವ್ಯಾಟಿಗೆ 99 ಡೆಸಿಬಲ್. ಮಿಲಿವ್ಯಾಟಿನ ಲೆಕ್ಕವನ್ನು ವೋಲ್ಟಿಗೆ ತರಲು 1000ವನ್ನು ಓಮ್‌ನಿಂದ ಭಾಗಿಸಿ, ಅದರ ಲಾಗ್ ತೆಗೆದು, 10ರಿಂದ ಗುಣಿಸಿ ಆ 99ಕ್ಕೆ ಕೂಡಿಸಬೇಕು. ಇಲ್ಲಿ 14 ಬರುತ್ತದೆ. ಅಂದರೆ 1 ವೋಲ್ಟಿಗೆ ಸುಮಾರು 113 ಡೆಸಿಬಲ್. ನೀವು ಸರಾಸರಿ 80 ಡೆಸಿಬಲ್‌ನಲ್ಲಿ ಕೇಳುತ್ತೀರಿ ಎಂದುಕೊಳ್ಳಿ. ಚಂಡೆಯ ಪೆಟ್ಟಿಗೆ ಮೇಲೆ ಇನ್ನೂ 20 ಡೆಸಿಬಲ್ ಜಾಗ ಬಿಟ್ಟರೂ 100 ಆಯಿತು. ಅದಕ್ಕೆ ಬೇಕಾದದ್ದು 0.22 ವೋಲ್ಟ್, ಒಂದೂಕಾಲು ಮಿಲಿವ್ಯಾಟ್. 1 ವೋಲ್ಟ್ ಕೊಡುವ ಸಣ್ಣ ಡಾಂಗಲ್ ಕೂಡ ಇದರ ನಾಲ್ಕು ಪಟ್ಟು ಕೊಡುತ್ತದೆ. 'ಹೈ ಪವರ್' ಎಂದು ಬರೆದದ್ದಕ್ಕೆ ಹೆಚ್ಚು ದುಡ್ಡು ಹಾಕುವ ಕಾರಣ ನಿಮಗಿಲ್ಲ.

ಬಿಟ್ ಮತ್ತು ಕಿಲೋಹರ್ಟ್ಸ್ ಬಗ್ಗೆ: ಸಿಡಿಯದು 16 ಬಿಟ್, 44.1 ಕಿಲೋಹರ್ಟ್ಸ್. ಆ 16 ಬಿಟ್ ಎಂದರೆ ಅತಿ ಸಣ್ಣ ಮತ್ತು ಅತಿ ದೊಡ್ಡ ಶಬ್ದದ ನಡುವೆ 96 ಡೆಸಿಬಲ್‌ನ ಅಂತರ. ಮೊಬೈಲಿನಲ್ಲಿ ಹಿಡಿದ ಆಟದ ರೆಕಾರ್ಡಿಂಗ್ ಅದರ ಹತ್ತಿರಕ್ಕೂ ಬರುವುದಿಲ್ಲ. 24 ಬಿಟ್, 96 ಇದ್ದರೆ ಧಾರಾಳ. ಆ ದೊಡ್ಡ ಅಂಕಿಯ ಬದಲು ಬೇರೆ ಎರಡನ್ನು ಕೇಳಿ ನೋಡಿ.

ಮೊದಲನೆಯದು ಔಟ್‌ಪುಟ್ ಇಂಪಿಡೆನ್ಸ್, ಅಂದರೆ ಆಂಪಿನ ಸ್ವಂತ ತಡೆ. ಹೆಡ್‌ಫೋನಿನ ಓಮ್‌ನ ಎಂಟನೇ ಒಂದು ಪಾಲಿಗಿಂತ ಕಡಿಮೆ ಇರಬೇಕೆಂಬುದು ರೂಢಿಯ ಲೆಕ್ಕ. ನಿಮಗೆ 4.75ಕ್ಕಿಂತ ಕೆಳಗೆ. ಎರಡು-ಮೂರು ಡ್ರೈವರ್ (ಒಳಗಿನ ಪುಟ್ಟ ಸ್ಪೀಕರ್) ಇರುವ ಇಯರ್‌ಫೋನ್‌ಗಳಲ್ಲಿ ಇದು ತಪ್ಪಿದರೆ ಸ್ವರದ ತೂಕವೇ ಬದಲಾಗುತ್ತದೆ. ಅವುಗಳ ಇಂಪಿಡೆನ್ಸ್ ಒಂದೊಂದು ಸ್ವರಕ್ಕೆ ಒಂದೊಂದು, ಹಾಗಾಗಿ ಆಂಪ್ ಬಿಡುವ ವೋಲ್ಟೇಜೂ ಏರಿಳಿಯುತ್ತದೆ.

ಎರಡನೆಯದು ನಾಯ್ಸ್, ಅಂದರೆ ಆಂಪ್ ತಾನೇ ಮಾಡುವ ಉಸ್ಸೆಂಬ ಸದ್ದು, ಮೈಕ್ರೋವೋಲ್ಟಿನಲ್ಲಿ. ವೋಲ್ಟಿಗೆ 120 ಡೆಸಿಬಲ್ ಕೊಡುವ ಸೂಕ್ಷ್ಮ ಇಯರ್‌ಫೋನಿಗೆ 10 ಮೈಕ್ರೋವೋಲ್ಟ್ ನಾಯ್ಸ್ ಇರುವ ಆಂಪ್ ಹಾಕಿದರೆ 20 ಡೆಸಿಬಲ್ ಉಸ್ಸೆನ್ನುತ್ತದೆ. ರಾತ್ರಿ ತೋಟದ ಮನೆಯಲ್ಲಿ ಕೂತು ಆಲಾಪ ಕೇಳುವಾಗ, ತಂಬೂರಿ ಮಾತ್ರ ಉಳಿದ ಕ್ಷಣದಲ್ಲಿ, ಅದು ಕಿವಿಗೆ ಬೀಳುತ್ತದೆ. 2 ಮೈಕ್ರೋವೋಲ್ಟಿನದಾದರೆ 6 ಡೆಸಿಬಲ್, ಇಲ್ಲವೆಂದೇ ಲೆಕ್ಕ.

ಅಂಗಡಿಗೆ ನಿಮ್ಮದೇ ಫೋನು, ನಿಮ್ಮದೇ ಹೆಡ್‌ಫೋನ್ ಒಯ್ಯಿರಿ. ಯಾವ ಹಾಡೂ ಇಲ್ಲದೆ ವಾಲ್ಯೂಮ್ ಪೂರ್ತಿ ಏರಿಸಿ ಉಸ್ಸೆನ್ನುತ್ತದೆಯೇ ನೋಡಿ, ಮತ್ತೆ ಇಳಿಸಿಯೇ ಹಾಡು ಹಾಕಿ. ಸಿ-ಪಿನ್ನನ್ನು ಮೆಲ್ಲಗೆ ಅಲ್ಲಾಡಿಸಿ, ಶಬ್ದ ಕಡಿಯಬಾರದು. ಪಿನ್ನನ್ನು ತಿರುವಿ ಹಾಕಿದರೂ ಹಾಡಬೇಕು. ಸಿ-ಕೇಬಲ್ ಕಳಚಿ ಬದಲಾಯಿಸಲು ಬರುವ ಡಾಂಗಲ್ ಆದರೆ ಇನ್ನೂ ಒಳ್ಳೆಯದು, ಏಕೆಂದರೆ ಮೊದಲು ಸಾಯುವುದು ಚಿಪ್ಪಲ್ಲ, ಪಿನ್ನಿನ ಬುಡದಲ್ಲಿ ಮಡಚಿ ಮಡಚಿ ವಯರು.

ಒಂದು ಮಾತು ಮುಂಚೆಯೇ ಹೇಳುತ್ತೇನೆ. ಚಂಡೆ ಬಂದಾಗ ಶಬ್ದ ಒಡೆದಂತೆ ಕೇಳಿದರೆ ವಾಲ್ಯೂಮನ್ನು ಅರ್ಧಕ್ಕೆ ಇಳಿಸಿ. ಆಗ ಸರಿಯಾದರೆ ಆಂಪ್ ಸಾಲುತ್ತಿಲ್ಲ. ಆಗಲೂ ಒಡೆದರೆ ರೆಕಾರ್ಡ್ ಮಾಡುವಾಗಲೇ ಒಡೆದಿದೆ, ಯಾವ ಆಂಪೂ ಅದನ್ನು ಕೂಡಿಸಲಾರದು.

ಪ್ರಶ್ನೆ, ಕುಮಟಾದಿಂದ: ಡ್ಯಾಕ್ ಇರುವುದನ್ನೇ ತಗೊಂಡೆ. ಹಾಡು ನಿಲ್ಲಿಸಿ ಚಾ ಕುಡಿದು ಬಂದರೆ ಮತ್ತೆ ಹಾಡುವುದಿಲ್ಲ, ಕಿತ್ತು ಹಾಕಿದರೂ ಇಲ್ಲ. ಇನ್ನೊಂದು, ವಾಲ್ಯೂಮ್ ಪೂರ್ತಿ ಇಟ್ಟರೂ ಸಣ್ಣ.

ಉತ್ತರ: ಒಪ್ಪೋ, ರಿಯಲ್‌ಮಿ, ಒನ್‌ಪ್ಲಸ್‌ನ ಹಲವು ಫೋನ್‌ಗಳಲ್ಲಿ ಓಟಿಜಿ (ಸಿ-ಪೋರ್ಟಿಗೆ ಹಾಕಿದ ಸಾಧನ ನಡೆಯಲು ಬಿಡುವುದು) ಎಂಬ ಸ್ವಿಚ್ ಸೆಟ್ಟಿಂಗಿನಲ್ಲಿದೆ. 10 ನಿಮಿಷ ಬಳಸದಿದ್ದರೆ ತಾನಾಗಿ ಆಫ್ ಆಗುತ್ತದೆ. ಸೆಟ್ಟಿಂಗಿನ ಹುಡುಕು ಪಟ್ಟಿಯಲ್ಲಿ 'ಓಟಿಜಿ' ಎಂದು ಬರೆದು ಮತ್ತೆ ಆನ್ ಮಾಡಿ. ಅದು ಆನ್ ಇದ್ದೂ ಹಾಡದಿದ್ದರೆ ಡೆವಲಪರ್ ಆಯ್ಕೆಗಳಲ್ಲಿ ಯುಎಸ್‌ಬಿ ಆಡಿಯೋ ರೂಟಿಂಗ್ ನಿಲ್ಲಿಸುವ ಸ್ವಿಚ್ ಇದೆ, ಅದು ಆಫ್ ಇರಬೇಕು.

ಶಬ್ದ ಸಣ್ಣದಾಗುವುದು ಬೇರೆ ವಿಷಯ. ಡಾಂಗಲ್ ಒಳಗೂ ಒಂದು ವಾಲ್ಯೂಮ್ ಇರುತ್ತದೆ. ಕೆಲವು ಆಂಡ್ರಾಯ್ಡ್ ಫೋನ್‌ಗಳು ಅದನ್ನು ಕೆಳಗೇ ಬಿಟ್ಟು ಫೋನಿನ ವಾಲ್ಯೂಮನ್ನು ಮಾತ್ರ ಏರಿಸುತ್ತವೆ. ಆಪಲ್‌ನ ಸಿ-ಪಿನ್ ಡಾಂಗಲನ್ನು ಆಂಡ್ರಾಯ್ಡಿಗೆ ಹಾಕಿದವರಿಗೆ ಇದು ಹೆಚ್ಚಾಗಿ ಆಗುತ್ತದೆ. ಯುಎಸ್‌ಬಿ ಆಡಿಯೋ ಪ್ಲೇಯರ್ ಪ್ರೋದಂಥ ಆ್ಯಪ್ ಡಾಂಗಲಿನ ವಾಲ್ಯೂಮನ್ನೇ ನೇರ ಹಿಡಿಯುತ್ತದೆ. ಆದರೆ ಆ ಆ್ಯಪಿನಲ್ಲಿ ಹಾಕಿದ ಹಾಡಿಗೆ ಮಾತ್ರ, ಯೂಟ್ಯೂಬಿಗೆ ಅಲ್ಲ. ಯೂಟ್ಯೂಬಿನಲ್ಲೇ ಹೆಚ್ಚು ಕೇಳುವವರು ಡಾಂಗಲಿನ ಮೈಮೇಲೇ ವಾಲ್ಯೂಮ್ ಬಟನ್ ಇರುವುದನ್ನು ಕೊಳ್ಳಿ.

ಪ್ರಶ್ನೆ, ಕಾರವಾರದಿಂದ: ಮಳೆ ಶುರುವಾದಾಗಿನಿಂದ ಡಾಂಗಲ್ ಹಾಕಿದ ಕೂಡಲೇ 'ಪೋರ್ಟಿನಲ್ಲಿ ತೇವಾಂಶ' ಎಂದು ಫೋನು ಬೊಬ್ಬೆ ಹೊಡೆಯುತ್ತದೆ. ಕೆಲವೊಮ್ಮೆ ಪಿನ್ ತಿರುವಿ ಹಾಕಿದರೆ ಹಾಡುತ್ತದೆ. ಅಕ್ಕಿ ಡಬ್ಬಿಯಲ್ಲಿ ಇಡಲೇ?

ಉತ್ತರ: ಅಕ್ಕಿ ಬೇಡ ಅಕ್ಕಾ. ಅದರ ಹಿಟ್ಟು ಪೋರ್ಟಿನೊಳಗೆ ಕೂತು ಇನ್ನಷ್ಟು ಹಸಿ ಹಿಡಿಯುತ್ತದೆ.

ಟಾರ್ಚ್ ಬಿಟ್ಟು ಪೋರ್ಟಿನೊಳಗೆ ನೋಡಿ. ನಡುವೆ ತೆಳ್ಳಗೆ ನಾಲಗೆಯಂಥದು ಇದೆ, ಅದರ ಮೇಲೆ 12, ಕೆಳಗೆ 12 ಚಿನ್ನದ ಬಣ್ಣದ ಗೆರೆ. ಎರಡೂ ತುದಿಯಿಂದ ನಾಲ್ಕನೆಯ ಗೆರೆಯ ಸುತ್ತ ಹಸಿರು ಅಥವಾ ಕಪ್ಪು ಕಲೆ ಕಂಡರೆ ಅದು ಕಿಲುಬು. ಆ ನಾಲ್ಕನೆಯದು 5 ವೋಲ್ಟಿನ ಗೆರೆ. ಉಪ್ಪುಗಾಳಿಯ ತೇವ ಅದರ ಮೇಲೆ ಕೂತಾಗ ಕರೆಂಟು ಹರಿದು ಚಿನ್ನದ ಲೇಪ ತಿಂದು, ಕೆಳಗಿನ ತಾಮ್ರವನ್ನು ಹಿಡಿಯುತ್ತದೆ. ಪಕ್ಕದ ಐದನೆಯ ಜಾಗದಲ್ಲಿ, ನಾಲಗೆಯ ಒಂದು ಬದಿಗೆ ಒಂದರಂತೆ, 'ಡಾಂಗಲ್ ಬಂದಿದೆ' ಎಂದು ಗುರುತಿಸುವ ಗೆರೆ ಇದೆ. ಒಂದು ಬದಿಯದು ಕೆಟ್ಟು ಇನ್ನೊಂದು ಬದಿಯದು ಉಳಿದರೆ, ನಿಮಗೆ ಆದಂತೆ ತಿರುವಿ ಹಾಕಿದಾಗ ಮಾತ್ರ ಹಾಡುತ್ತದೆ. ಹಾಗಾಗಿ ತೊಂದರೆ ಇರುವುದು ಪೋರ್ಟಿನಲ್ಲಿ ಅಥವಾ ಪಿನ್ನಿನಲ್ಲಿ. ಹೊಸ ಆಂಪ್ ಕೊಂಡರೆ ಹೋಗುವುದಿಲ್ಲ.

ಫೋನ್ ಪೂರ್ತಿ ಆಫ್ ಮಾಡಿ. ಪೋರ್ಟ್ ಕೆಳಮುಖ ಮಾಡಿ ಫ್ಯಾನಿನ ಕೆಳಗೆ ಒಂದು ಗಂಟೆ ಇಡಿ. ಆಮೇಲೆ 99 ಪ್ರತಿಶತದ ಐಸೊಪ್ರೊಪೈಲ್ ಆಲ್ಕೋಹಾಲನ್ನು ಹಲ್ಲುಸಂದಿ ತಿಕ್ಕುವ ಮೆತ್ತನೆಯ ಬ್ರಶ್ಶಿಗೆ ಎರಡು ಹನಿ ಹಾಕಿ, ಗೆರೆಗಳ ಉದ್ದಕ್ಕೆ ಒಳಗಿನಿಂದ ಹೊರಗೆ ಎಳೆಯಿರಿ. ಬ್ರಶ್ಶಿನ ನಡುವೆ ತಂತಿ ಇರಬಾರದು. ಅಡ್ಡ ತಿಕ್ಕಬೇಡಿ, ಸೂಜಿ ಹಾಕಬೇಡಿ. ಕೈಗೆ ಹಚ್ಚುವ ಸ್ಯಾನಿಟೈಸರ್‌ನಲ್ಲಿ ನೀರೂ ಗ್ಲಿಸರಿನ್ನೂ ಇರುತ್ತದೆ, ಅದು ಬೇಡವೇ ಬೇಡ. ಕೊಬ್ಬರಿ ಎಣ್ಣೆಯೂ ಬೇಡ. ಅರ್ಧ ಗಂಟೆ ಆರಲು ಬಿಟ್ಟು ಫೋನ್ ಆನ್ ಮಾಡಿ. ಡಾಂಗಲಿನ ಪಿನ್ನಿಗೂ ಹೆಡ್‌ಫೋನಿನ ಜ್ಯಾಕಿಗೂ ಇದೇ ಆಲ್ಕೋಹಾಲಿನಿಂದ ಒಂದು ಒರೆಸು ಕೊಡಿ. ಒಂದು ಕಿವಿ ಸತ್ತು ಜ್ಯಾಕ್ ತಿರುವಿದಾಗ ಬರುವ ತೊಂದರೆಯೂ ಎಷ್ಟೋ ಸಲ ಇದರಲ್ಲೇ ಹೋಗುತ್ತದೆ.

ಮುಂದೆ ಮಾಡಬೇಕಾದದ್ದು: ಕೇಳಿ ಮುಗಿದ ಕೂಡಲೇ ಡಾಂಗಲ್ ಕೀಳಿ. ಸಿ-ಪೋರ್ಟಿನಲ್ಲಿ ಏನೂ ಇಲ್ಲದಾಗ ಆ 5 ವೋಲ್ಟ್ ಹೊರಗೆ ಬರುವುದೇ ಇಲ್ಲ. ಡಾಂಗಲ್ ಇದ್ದಷ್ಟು ಹೊತ್ತೂ ಇರುತ್ತದೆ. ಬೀಚಿನ ವಾಕಿಂಗಿಗೆ, ಮಳೆಯಲ್ಲಿ ಕಿಸೆಯೊಳಗೆ ಹಾಗೇ ಚುಚ್ಚಿಟ್ಟುಕೊಂಡು ಹೋಗುವುದರಿಂದಲೇ ಹೆಚ್ಚು ಪೋರ್ಟು ಹಾಳಾಗುವುದು. ಮನೆಯಲ್ಲಿ ಗಾಳಿಯಾಡದ ಸಣ್ಣ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡಿ.

ಪ್ರಶ್ನೆ, ಕುಮಟಾ-ಶಿರಸಿ ಓಡಾಟದವರಿಂದ: ದೇವಿಮನೆ ಘಟ್ಟದಲ್ಲಿ ಡಾಂಗಲಿನಿಂದ 'ಟರ್ರ್ ಟರ್ರ್' ಬರುತ್ತದೆ. ಪೇಟೆಯಲ್ಲಿ ಇಲ್ಲ. ಬ್ಲೂಟೂತ್ ಆಂಪ್ ತಗೊಂಡರೆ ಸರಿಯಾಗುತ್ತದೆಯೇ?

ಉತ್ತರ: ಅದು ಫೋನಿನ 2ಜಿ ಸಿಗ್ನಲ್. ಸೆಕೆಂಡಿಗೆ 217 ಸಲ ಚಾಲೂ-ಬಂದ್ ಆಗುತ್ತದೆ, ಡಾಂಗಲಿನ ವಯರು ಅದನ್ನು ಆಂಟೆನಾದಂತೆ ಹಿಡಿಯುತ್ತದೆ. ಘಟ್ಟದಲ್ಲಿ ಟವರ್ ದೂರ, ಹಾಗಾಗಿ ಫೋನು ತನ್ನ ಶಕ್ತಿಯನ್ನು ಪೂರ್ತಿ ಏರಿಸುತ್ತದೆ. ಏರೋಪ್ಲೇನ್ ಮೋಡ್ ಹಾಕಿದಾಗ ನಿಂತರೆ ಖಾತ್ರಿ. ಡೌನ್‌ಲೋಡ್ ಮಾಡಿದ ಹಾಡಾದರೆ ಅದೇ ಮೋಡಿನಲ್ಲಿ ಕೇಳಿ. ಇಲ್ಲದಿದ್ದರೆ ಡಾಂಗಲನ್ನು ಫೋನಿನ ಬೆನ್ನಿಗೆ ತಾಗದಂತೆ ನೇತುಬಿಡಿ.

ಬ್ಲೂಟೂತ್ ಆಂಪ್ ಬಸ್ಸಿಗೆ ನಿಜಕ್ಕೂ ಅನುಕೂಲ. ಫೋನು ಬ್ಯಾಗಿನಲ್ಲಿ, ಆಂಪ್ ಅಂಗಿಯ ಕಿಸೆಗೆ, ಚಾರ್ಜಿಂಗ್ ಪೋರ್ಟ್ ಖಾಲಿ. ವಯರು ಫೋನಿನಿಂದ ದೂರವಾದ್ದರಿಂದ ಟರ್ರ್ ಕೂಡ ಹೋಗುತ್ತದೆ ಅಥವಾ ತುಂಬ ತಗ್ಗುತ್ತದೆ. ಫೀಯೋದ ಬಿಟಿಆರ್ ಸರಣಿ, ಕ್ಯೂಡೆಲಿಕ್ಸ್ 5ಕೆ ಈ ಜಾತಿಯವು, ವಯರು ಹಾಕಿ ಯುಎಸ್‌ಬಿ ಡ್ಯಾಕ್ ಆಗಿಯೂ ನಡೆಯುತ್ತವೆ. ಆಂಡ್ರಾಯ್ಡಿನಲ್ಲಿ ಎಲ್‌ಡ್ಯಾಕ್ (ಬ್ಲೂಟೂತಿನಲ್ಲಿ ಹಾಡು ಕಳಿಸುವ ಒಂದು ವಿಧಾನ, ಮೇಲೆ ಹೇಳಿದ ಡ್ಯಾಕ್ ಅಲ್ಲ) ಬರುತ್ತದೆ, ಸೆಕೆಂಡಿಗೆ 330, 660, 990 ಕಿಲೋಬಿಟ್ ಎಂಬ ಮೂರು ಮೆಟ್ಟಿಲು. ತುಂಬಿದ ಬಸ್ಸಿನಲ್ಲಿ 990 ಕಡಿಯುತ್ತಿದ್ದರೆ 660ಕ್ಕೆ ಇಳಿಸಿ. ಐಫೋನಿನವರಿಗೆ ಎಎಸಿ ಎಂಬ ಇನ್ನೊಂದು ವಿಧಾನವೇ ಗತಿ, ಆದ್ದರಿಂದ ಎಲ್‌ಡ್ಯಾಕ್‌ಗೆಂದು ಅವರು ಹೆಚ್ಚು ಹಣ ಕೊಡಬೇಕಿಲ್ಲ.

ಪ್ರಶ್ನೆ, ಹೊನ್ನಾವರದಿಂದ: ಬೇಯರ್‌ಡೈನಮಿಕ್ ಡಿಟಿ 770 ಪ್ರೋ, 250 ಓಮ್. ಡಾಂಗಲಿನಲ್ಲಿ 4.4 ಎಂಎಂ ಬ್ಯಾಲೆನ್ಸ್‌ಡ್ ತೂತೂ ಇದೆ, ಅದರಲ್ಲಿ ಎರಡು ಪಟ್ಟು ವೋಲ್ಟೇಜ್ ಅಂತೆ. 3.5ರಿಂದ 4.4ಕ್ಕೆ ಒಂದು ಕನ್ವರ್ಟರ್ ಹಾಕಲೇ?

ಉತ್ತರ: ಹಾಕಬೇಡಿ. ಬ್ಯಾಲೆನ್ಸ್‌ಡ್ ಔಟಿನಲ್ಲಿ ಎಡ, ಬಲ ಎರಡರ ಮೈನಸ್ ತುದಿಯಲ್ಲೂ ಆಂಪ್ ಇದೆ. 3.5 ಜ್ಯಾಕಿನಲ್ಲಿ ಆ ಎರಡು ಮೈನಸ್ ಒಂದೇ ವಯರಿಗೆ ಸೇರಿರುತ್ತವೆ, ಅಂದರೆ ಎರಡು ಆಂಪ್‌ಗಳನ್ನು ಒಂದಕ್ಕೊಂದು ಶಾರ್ಟ್ ಮಾಡಿದಂತೆ. ಡಾಂಗಲ್ ಸುಡಬಹುದು. ಡಿಟಿ 770 ಪ್ರೋದ ಕೇಬಲ್ ಕಳಚಲು ಬರುವುದಿಲ್ಲ, ಒಳಗಿರುವುದು ಮೂರೇ ವಯರು. ಬ್ಯಾಲೆನ್ಸ್‌ಡ್ ಬೇಕೆಂದರೆ ಹೆಡ್‌ಫೋನ್ ಬಿಚ್ಚಿ ನಾಲ್ಕು ವಯರಿನದು ಬೆಸೆಯಬೇಕು.

ಅಗತ್ಯವೂ ಇಲ್ಲ. 96 ಡೆಸಿಬಲ್, 250 ಓಮ್: ವೋಲ್ಟಿಗೆ 102. 3.5 ತೂತಿನಲ್ಲಿ 2 ವೋಲ್ಟ್ ಕೊಡುವ ಡಾಂಗಲಿಗೆ 108 ಬಂತು, ಕೇಳಲು ಸಾಕು. ತೀರಾ ಸಣ್ಣಕ್ಕೆ ರೆಕಾರ್ಡ್ ಆದ ಹಳೇ ತಾಳಮದ್ದಳೆಗೆ ಮಾತ್ರ ಕೊರತೆ ಕಾಣಬಹುದು. 1 ವೋಲ್ಟಿನ ಡಾಂಗಲಾದರೆ 102 ಮಾತ್ರ, ಮೇಲೆ ಹೇಳಿದ 100ಕ್ಕೆ ಅಂಚಿನಲ್ಲೇ ಸಾಕು, ಸಣ್ಣಕ್ಕೆ ರೆಕಾರ್ಡ್ ಆದದ್ದಕ್ಕೆ ಸಾಲದು. ವಾಲ್ಯೂಮ್ ಏರಿಸುವ ಮೊದಲು ಇದೊಂದು ನೆನಪಿರಲಿ: ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಇಟ್ಟ ಮಿತಿ ವಾರಕ್ಕೆ 40 ಗಂಟೆ, 80 ಡೆಸಿಬಲ್. 3 ಡೆಸಿಬಲ್ ಏರಿದಾಗಲೆಲ್ಲ ಗಂಟೆ ಅರ್ಧವಾಗುತ್ತದೆ. 90ರಲ್ಲಿ ವಾರಕ್ಕೆ ನಾಲ್ಕೇ ಗಂಟೆ.

ಮತ್ತೆ ಶಿರಸಿಯಿಂದ: ಅಂಗಡಿಯಲ್ಲಿ ಎರಡು ಸಿಕ್ಕಿವೆ ಸರ್. ಒಂದು 2 ವೋಲ್ಟ್, ಔಟ್‌ಪುಟ್ 10 ಓಮ್, 32 ಬಿಟ್ 768. ಇನ್ನೊಂದು 1 ವೋಲ್ಟ್, 1 ಓಮ್, 24 ಬಿಟ್ 96, ಬೆಲೆ ಅರ್ಧ. ಮೈಕ್ ಎರಡನೆಯದರಲ್ಲಿ ಮಾತ್ರ ಇದೆ ಎಂದರು.

ಉತ್ತರ: ಎರಡನೆಯದು. ಎಂ50ಎಕ್ಸ್ ಜೊತೆ 10 ಓಮ್ ಇದ್ದರೆ 2 ಡೆಸಿಬಲ್‌ನಷ್ಟು ಶಬ್ದ ತಗ್ಗುವುದು ಬಿಟ್ಟರೆ ದೊಡ್ಡ ಕೇಡಿಲ್ಲ. ಆದರೆ ನಾಳೆ ಒಳ್ಳೆಯ ಇಯರ್‌ಫೋನ್ ತಂದರೆ ಅದರ ಸ್ವರ ಕೆಡುತ್ತದೆ. ಮೈಕ್ ಕೆಲಸ ಮಾಡಲು ನಿಮ್ಮ ಜ್ಯಾಕಿನ ಮೇಲೆ ಮೂರು ಕಪ್ಪು ಉಂಗುರ ಇರಬೇಕು, ಎರಡೇ ಇದ್ದರೆ ಫೋನಿನ ಮೈಕಿನಲ್ಲೇ ಮಾತಾಡಬೇಕು. ಬಿಲ್ಲು ಹಾಕಿಸಿಕೊಳ್ಳಿ, ಮನೆಗೆ ಹೋದ ದಿನವೇ ಎರಡು ಗಂಟೆ ಸತತ ಹಾಡಿಸಿ ನೋಡಿ. ಕೈಗೆ ಬೆಚ್ಚಗೆ ತಾಗಿದರೆ ಸರಿ, ಹಿಡಿಯಲಾರದಷ್ಟು ಬಿಸಿಯಾದರೆ ಮರುದಿನವೇ ಒಯ್ದು ಬದಲಾಯಿಸಿ.