ಅಪ್ಪನಿಗೆ ನಾಲ್ಕು ಕಡೆ ಡಾಕ್ಟರ್, ಒಬ್ಬರದು ಒಬ್ಬರಿಗೆ ಗೊತ್ತಿಲ್ಲ – ಇಸಿಎಚ್‌ಎಸ್ (ಮಾಜಿ ಸೈನಿಕರ ಆರೋಗ್ಯ ಯೋಜನೆ) ಇರುವವರು ಹೇಗೆ ನಿಭಾಯಿಸುತ್ತೀರಿ?

ಹವಾಲ್ದಾರ್ ಮಗಳು:
ಅಪ್ಪ ರಿಟೈರ್ಡ್ ಹವಾಲ್ದಾರ್, 73 ವರ್ಷ. ಕೊಡಗಿನ ಹಳ್ಳಿಯಲ್ಲಿ ಅಮ್ಮನ ಜೊತೆ ಇದ್ದಾರೆ, ನಾನು ಬೆಂಗಳೂರಲ್ಲಿ. ಶುಗರ್, ಬಿಪಿ ಹಳೆಯದು, ಈಗ ಕಿಡ್ನಿಯೂ ಸ್ವಲ್ಪ ಕೈಕೊಟ್ಟಿದೆ. ಇಸಿಎಚ್‌ಎಸ್‌ನವರ ಪಾಲಿಕ್ಲಿನಿಕ್‌ನಿಂದ ರೆಫರಲ್ ತಗೊಂಡು ಮೈಸೂರಿನ ಆಸ್ಪತ್ರೆಗೆ ಹೋಗುತ್ತಾರೆ. ಮಾತ್ರೆ ಮಾತ್ರ ಪಾಲಿಕ್ಲಿನಿಕ್‌ನಲ್ಲಿ. ಜ್ವರ, ಮಂಡಿನೋವು ಅಂದರೆ ಊರಿನ ಡಾಕ್ಟರ್. ಕಣ್ಣಿಗೆ ಇನ್ನೊಬ್ಬರು.
ಹೋದ ತಿಂಗಳು ಮಂಡಿಗೆ ಅಂತ ಊರಲ್ಲಿ ನೋವಿನ ಮಾತ್ರೆ ಕೊಟ್ಟರು, ಕಿಡ್ನಿ ವಿಷಯ ಅಪ್ಪನೂ ಹೇಳಲಿಲ್ಲ ಅವರೂ ಕೇಳಲಿಲ್ಲ, ಹತ್ತು ದಿನ ನುಂಗಿದ ಮೇಲೆ ಕ್ರಿಯಾಟಿನಿನ್ (ಕಿಡ್ನಿ ಸ್ಥಿತಿ ತೋರಿಸುವ ರಕ್ತಪರೀಕ್ಷೆಯ ಅಂಕಿ) ಏರಿ ಕೂತಿತ್ತು. ಡಾಕ್ಟರ್ ಹೇಳಿದರೆ ಅಪ್ಪನಿಗೆ ಅದು ಆರ್ಡರ್, ಪ್ರಶ್ನೆನೇ ಇಲ್ಲ. ಎಲ್ಲವನ್ನೂ ಒಂದು ಕಡೆ ತರೋದು ಹೇಗೆ?

ನಿವೃತ್ತ ಸುಬೇದಾರ್, ಹಾಸನ:
ಅದನ್ನ ಯಾವ ಆಫೀಸೂ ಮಾಡಿಕೊಡಲ್ಲಮ್ಮ. ಸ್ಕೀಮ್ 2003ರಿಂದ ಇದೆ, ದುಡ್ಡಿನ ಚಿಂತೆ ಬಹಳ ಕಮ್ಮಿ ಆಗಿದೆ, ಆದರೆ ಮೈಸೂರಿನ ಡಾಕ್ಟರ್ ಬರೆದದ್ದು ಊರಿನ ಡಾಕ್ಟರಿಗೆ ತಲುಪಬೇಕಾದರೆ ಅದು ನಿಮ್ಮಪ್ಪನ ಚೀಲದಲ್ಲೇ ಹೋಗಬೇಕು. ನನ್ನದು ಒಂದೇ ಹಾಳೆ. ಯಾವ ಕಾಯಿಲೆ, ಯಾವ ಮಾತ್ರೆ, ಎಷ್ಟು ಹೊತ್ತಿಗೆ, ಕೊನೆಯ ಕ್ರಿಯಾಟಿನಿನ್ ಎಷ್ಟು. ಇಸಿಎಚ್‌ಎಸ್ ಕಾರ್ಡಿನ ಜೊತೆಗೇ ಇಟ್ಟಿರುತ್ತೇನೆ. ಜ್ವರ ಅಂತ ಹೋದರೂ ಮೊದಲು ಆ ಹಾಳೆ ಮೇಜಿನ ಮೇಲೆ.

ಫಾರ್ಮಸಿಯವನು:
ಸರ್ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಬ್ರ್ಯಾಂಡ್ ಹೆಸರು ಬರೆಯಬೇಡಿ, ಒಳಗಿರುವ ಔಷಧದ ಹೆಸರು ಬರೆಯಿರಿ. ಪಾಲಿಕ್ಲಿನಿಕ್‌ನಲ್ಲಿ ಒಂದು ಸಲ ಬಂದ ಕಂಪನಿ ಮುಂದಿನ ಸಲ ಬರಲ್ಲ, ಬಣ್ಣ ಬೇರೆ ಅಂತ ಹಿರಿಯರು ಎರಡನ್ನೂ ನುಂಗುತ್ತಾರೆ. ಡೈಕ್ಲೋಫೆನಾಕ್, ಐಬುಪ್ರೊಫೆನ್ ತರದ ನೋವಿನ ಮಾತ್ರೆ ಕಿಡ್ನಿ ಸರಿ ಇಲ್ಲದವರಿಗೆ ಆಗಿಬರಲ್ಲ. ಜೊತೆಗೆ ಟೆಲ್ಮಿಸಾರ್ಟನ್ ತರದ ಬಿಪಿ ಮಾತ್ರೆ, ನೀರು ಇಳಿಸುವ ಮಾತ್ರೆ ಇದ್ದರೆ ಇನ್ನೂ ಕಷ್ಟ. ಹಾಳೆಯ ಮೇಲ್ಭಾಗದಲ್ಲಿ ಕೆಂಪು ಇಂಕಿನಲ್ಲಿ 'ಕಿಡ್ನಿ ತೊಂದರೆ ಇದೆ' ಅಂತ ದೊಡ್ಡದಾಗಿ ಬರೆದುಬಿಡಿ.

ಬೆಳಗಾವಿ ಸೊಸೆ:
ನಮ್ಮ ಮಾವನವರದೂ ಇದೇ ಕಥೆ. ಅನುಭವದಿಂದ ಎರಡು ಮಾತು. ರಾತ್ರಿ ಎದೆನೋವು ಬಂದಾಗ ಹತ್ತಿರದ ಆಸ್ಪತ್ರೆಗೆ ಸೇರಿಸಿದೆವು, ಅದು ಇಸಿಎಚ್‌ಎಸ್ ಪಟ್ಟಿಯಲ್ಲಿ ಇರಲಿಲ್ಲ. ಹಾಗಾದರೆ 48 ಗಂಟೆಯೊಳಗೆ ಪಾಲಿಕ್ಲಿನಿಕ್‌ಗೆ ತಿಳಿಸಬೇಕು. ದುಡ್ಡು ಮೊದಲು ನಾವೇ ಕಟ್ಟಿ ಆಮೇಲೆ ಕ್ಲೇಮ್ ಹಾಕೋದು, ಅದೂ ಸಿಜಿಎಚ್‌ಎಸ್ (ಕೇಂದ್ರ ಸರ್ಕಾರಿ ನೌಕರರ ಆರೋಗ್ಯ ಯೋಜನೆ) ದರದಲ್ಲೇ ಬರೋದು, ಪೂರ್ತಿ ಬರುತ್ತೆ ಅಂತ ಲೆಕ್ಕ ಹಾಕಬೇಡಿ. ಡಿಸ್ಚಾರ್ಜ್ ಸಮರಿ, ಬಿಲ್ಲು ಎಲ್ಲ ಅಲ್ಲೇ ಫೋಟೋ ತೆಗೆದುಕೊಳ್ಳಿ.
ಇನ್ನೊಂದು, 70 ದಾಟಿದವರಿಗೆ ಆಯುಷ್ಮಾನ್ ಕಾರ್ಡ್ ಮಾಡಿಸಿ ಅಂತ ಊರಲ್ಲಿ ಹೇಳುತ್ತಾರೆ. ಇಸಿಎಚ್‌ಎಸ್ ಇದ್ದವರು ಎರಡರಲ್ಲಿ ಒಂದನ್ನೇ ಆರಿಸಿಕೊಳ್ಳಬೇಕು. ಸುಮ್ನೆ ಇರಲಿ ಅಂತ ಮಾಡಿಸಬೇಡಿ.

ಹವಾಲ್ದಾರ್ ಮಗಳು:
ಅಯ್ಯೋ, ಆಯುಷ್ಮಾನ್‌ಗೆ ಬರುವ ವಾರ ಹೆಸರು ಕೊಡೋಣ ಅಂತಿದ್ದೆವು! ಸೇಹತ್ ಒಪಿಡಿ ಅಂತ ಒಂದಿದೆಯಲ್ಲ, ಅದು ಕೆಲಸಕ್ಕೆ ಬರುತ್ತಾ?

ನಿವೃತ್ತ ಸುಬೇದಾರ್, ಹಾಸನ:
2021ರಲ್ಲಿ ಶುರುವಾದದ್ದು, ವಿಡಿಯೋದಲ್ಲೇ ಸೇನೆಯ ಡಾಕ್ಟರ್ ಜೊತೆ ಮಾತಾಡಬಹುದು. ಸಣ್ಣಪುಟ್ಟದಕ್ಕೆ ಅಷ್ಟು ದೂರ ಬಸ್ಸಲ್ಲಿ ಹೋಗೋದು ತಪ್ಪುತ್ತೆ. ಆದರೆ ನಿಮ್ಮ ಕಿಡ್ನಿ ಡಾಕ್ಟರ್ ಬದಲಿಗೆ ಅಲ್ಲ. ಮಳೆಗಾಲದಲ್ಲಿ ನಿಮ್ಮ ಕಡೆ ನೆಟ್‌ವರ್ಕ್ ಸಿಗಬೇಕು ಅಷ್ಟೇ.

ಹವಾಲ್ದಾರ್ ಮಗಳು:
ಹಾಳೆ ಬರೆಯೋಕೆ ಅಂತ ಅಮ್ಮನಿಂದ ಎಲ್ಲ ಮಾತ್ರೆಯ ಸ್ಟ್ರಿಪ್‌ಗಳ ಫೋಟೋ ತರಿಸಿದೆ. ಟೆಲ್ಮಿಸಾರ್ಟನ್ ಎರಡು ಹೆಸರಲ್ಲಿದೆ. ಬೆಳಗ್ಗೆ ಪಾಲಿಕ್ಲಿನಿಕ್‌ನದು, ರಾತ್ರಿ ಮೈಸೂರಲ್ಲಿ ಕೊಂಡದ್ದು. ಎರಡೂ ತಗೊಳ್ಳಬೇಕೋ ಒಂದು ನಿಲ್ಲಿಸಬೇಕೋ ಅಂತ ಈಗಲೇ ಮೈಸೂರಿನ ಡಾಕ್ಟರಿಗೆ ಫೋನ್ ಹಚ್ಚುತ್ತಿದ್ದೇನೆ.